ಮೊದಲ ಮನೆಗೆ ಎಷ್ಟು ಹೇಳೋದು? ಬೆಲೆ ಗುಟ್ಟಾದ ಕಥೆ

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲೋ ಬಸ್ಸಲ್ಲೋ ಇದನ್ನ ಕೇಳ್ತಾ ಇರೋ ನಿಮ್ಮಲ್ಲಿ ಕೆಲವರ ಫೋನ್‌ನಲ್ಲಿ ಈಗಲೂ ಒಂದು ಫ್ಲ್ಯಾಟ್‌ನ ಫೋಟೋಗಳು ಇರಬಹುದು. ಎರಡು ಸಲ ಹೋಗಿ ನೋಡಿ ಬಂದಿದ್ದೀರಿ. ಅಡುಗೆಮನೆ ಇಷ್ಟ ಆಗಿದೆ, ಬಾಲ್ಕನಿ ಸ್ವಲ್ಪ ಚಿಕ್ಕದು. ಓನರ್ ಒಂದು ಬೆಲೆ ಹೇಳಿದ್ದಾರೆ. ಈಗ ನೀವು ಒಂದು ಬೆಲೆ ಹೇಳಬೇಕು. ಜಾಸ್ತಿ ಹೇಳಿದ್ರೆ 20 ವರ್ಷ ಅದರ ಇಎಂಐ ಕಟ್ಟಬೇಕು. ಕಮ್ಮಿ ಹೇಳಿದ್ರೆ ಮನೆ ಕೈತಪ್ಪುತ್ತೆ. ಎಷ್ಟು ಹೇಳೋದು?

ಮಾರ್ಕೆಟ್‌ನಲ್ಲಿ ಟೊಮೆಟೊ ಕೊಳ್ಳುವಾಗ ಈ ಕಷ್ಟ ಇಲ್ಲ. ನಿಮ್ಮ ಮುಂದೆ ನಿಂತವರು ಎಷ್ಟು ಕೊಟ್ಟರು ಅಂತ ಕಿವಿಗೇ ಬೀಳುತ್ತೆ. ಮನೆಗೆ ಬೆಲೆ ಹೇಳೋಕೂ ನಮಗೆ ಬೇಕಾಗಿರೋದು ಅದೇ ಮಾಹಿತಿ: ಪಕ್ಕದ ಮನೆ ನಿಜವಾಗಿ ಎಷ್ಟಕ್ಕೆ ಹೋಯ್ತು? ಆದರೆ ಅದನ್ನೇ ಯಾರೂ ಹೇಳಲ್ಲ. ಬ್ರೋಕರ್ ಒಂದು ಹೇಳ್ತಾರೆ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಇನ್ನೊಂದು, ಕ್ರಯಪತ್ರದಲ್ಲಿ ಬರೆದಿರೋದು ಮತ್ತೊಂದು. ನಾನೂ ಕಳೆದೊಂದು ವರ್ಷದಿಂದ ಮನೆ ಹುಡುಕ್ತಾ ಇದ್ದೀನಿ. ಇತಿಹಾಸ ಓದೋ ಚಟ ಇರೋದ್ರಿಂದ ನನ್ನನ್ನ ಕಾಡಿದ ಪ್ರಶ್ನೆ ಇದು: ಈ ಬೆಲೆ ಅನ್ನೋದು ಯಾವಾಗಿಂದ ಗುಟ್ಟಾಯ್ತು?

ಮೈಸೂರಿಂದಲೇ ಶುರು ಮಾಡೋಣ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಒಂದು ತಾಳೆಗರಿ ಕಟ್ಟನ್ನು ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದು ಅಚ್ಚಾಗಿ ಹೊರಬಂತು. ನಾವೆಲ್ಲ ಅದನ್ನ ರಾಜತಂತ್ರ, ಗೂಢಚಾರರು, ಶತ್ರು–ಮಿತ್ರ ಅಂತಲೇ ಕೇಳಿದ್ದೀವಿ. ಅದರ ಮೂರನೇ ಅಧಿಕರಣದಲ್ಲಿ ಮನೆ, ಹೊಲ ಮಾರೋದು ಹೇಗೆ ಅಂತ ಒಂದು ಭಾಗ ಇದೆ. ಅದನ್ನ ಓದಿದರೆ ಇವತ್ತಿನ ರಿಯಲ್ ಎಸ್ಟೇಟ್ ಏಜೆಂಟರಿಗೆ ತಲೆ ತಿರುಗುತ್ತೆ.

ನಿಯಮ ಹೀಗಿದೆ. ಮೊದಲ ಅವಕಾಶ ನೆಂಟರಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ. ಅವರು ಯಾರೂ ಬೇಡ ಅಂದರೆ ಹೊರಗಿನವರಿಗೆ. ಸುತ್ತಲಿನ ನಲವತ್ತು ಮನೆಯವರು ಮಾರಾಟಕ್ಕಿರುವ ಮನೆ ಮುಂದೆ ಸೇರಬೇಕು. ಊರ ಹಿರಿಯರ ಎದುರು ಮನೆಯ ಗಡಿ ಎಲ್ಲಿಂದ ಎಲ್ಲಿಗೆ ಅಂತ ಸರಿಯಾಗಿ ಹೇಳಬೇಕು. ಆಮೇಲೆ ಈ ಬೆಲೆಗೆ ಯಾರು ಕೊಳ್ತೀರಿ ಅಂತ ಮೂರು ಸಲ ಕೂಗಬೇಕು. ತಕರಾರು ಬರದಿದ್ದರೆ ಕೊಳ್ಳುವವನು ಕೊಳ್ಳಬಹುದು.

ಇನ್ನೊಂದು ನಿಯಮ ಇನ್ನೂ ಮಜವಾಗಿದೆ. ಕೊಳ್ಳುವವರು ಪೈಪೋಟಿಗೆ ಬಿದ್ದು ಬೆಲೆ ಏರಿಸಿದರು ಅಂತಿಟ್ಕೊಳ್ಳಿ. ಏರಿದ ಆ ಹೆಚ್ಚಿನ ಹಣ ಮಾರುವವನಿಗೆ ಸಿಗಲ್ಲ! ಸುಂಕದ ಜೊತೆ ಸೇರಿ ಅದು ಖಜಾನೆಗೆ ಹೋಗುತ್ತೆ. ‘ಇನ್ನೊಂದು ಪಾರ್ಟಿ ರೆಡಿ ಇದೆ ಸರ್, ಇವತ್ತೇ ಟೋಕನ್ ಕೊಡಿ’ ಅಂತ ನಮ್ಮನ್ನ ಹೆದರಿಸೋ ಆಟಕ್ಕೆ ಅಲ್ಲಿ ಲಾಭವೇ ಇರಲಿಲ್ಲ. ಇದೆಲ್ಲ ಶಾಸ್ತ್ರದಲ್ಲಿ ಬರೆದ ನಿಯಮ. ಎಲ್ಲ ಊರಲ್ಲೂ ಹೀಗೇ ನಡೀತಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಬೆಲೆ ಅನ್ನೋದು ನಲವತ್ತು ಮನೆಯವರು ಕೇಳುವಂತೆ ಕೂಗಿ ಹೇಳಬೇಕಾದ ಸಂಗತಿ ಅನ್ನೋ ಕಲ್ಪನೆ ಇತ್ತಲ್ಲ, ಅದು ಮುಖ್ಯ.

ನಮ್ಮ ಶಾಸನಗಳಿಗೆ ಬಂದರೆ ಇದೇ ಕಲ್ಪನೆಗೆ ಕನ್ನಡದ ಮುಖ ಸಿಗುತ್ತೆ. ಬಿ.ಎಲ್. ರೈಸ್ ಮತ್ತು ಅವರ ನಂತರದವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಕೂಡಿಸಿಟ್ಟ ಶಾಸನಗಳಲ್ಲಿ ದಾನಪತ್ರಗಳ ಜೊತೆ ಕ್ರಯಪತ್ರಗಳೂ ಇವೆ. ಮಲೆನಾಡು, ಕರಾವಳಿ ಕಡೆಯ ವಿಜಯನಗರ ಕಾಲದ ಕ್ರಯಶಾಸನಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಒಂದು ‘ಮಧ್ಯಸ್ಥ ಪರಿಕಲ್ಪಿತ’, ಅಂದರೆ ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥರು ಕೂತು ನಿಗದಿ ಮಾಡಿದ್ದು. ಇನ್ನೊಂದು ‘ತತ್ಕಾಲೋಚಿತ ಕ್ರಯ’, ಅಂದರೆ ಆ ಕಾಲಕ್ಕೆ ಸರಿಯಾದ ಬೆಲೆ.

ತತ್ಕಾಲೋಚಿತ. ಎಂಥಾ ಪದ ನೋಡಿ! ಮಾರ್ಕೆಟ್ ವ್ಯಾಲ್ಯೂ ಅನ್ನೋದಕ್ಕಿಂತ ಇದು ನನಗೆ ಹೆಚ್ಚು ಇಷ್ಟ. ಹತ್ತು ವರ್ಷದ ಹಿಂದೆ ಓನರ್ ಎಷ್ಟಕ್ಕೆ ಕೊಂಡಿದ್ದರು, ಇನ್ನು ಐದು ವರ್ಷಕ್ಕೆ ಮೆಟ್ರೋ ಬಂದರೆ ಎಷ್ಟಾಗುತ್ತೆ, ಎರಡೂ ಇಲ್ಲಿ ಲೆಕ್ಕಕ್ಕಿಲ್ಲ. ಈ ಹೊತ್ತಿಗೆ ಎಷ್ಟು, ಅಷ್ಟೇ. ಆ ಬೆಲೆಯನ್ನ ಮಾರುವವನೂ ಒಬ್ಬನೇ ಹೇಳಲ್ಲ, ಕೊಳ್ಳುವವನೂ ಒಬ್ಬನೇ ಹೇಳಲ್ಲ. ಸಾಕ್ಷಿಗಳ ಎದುರು ಮಧ್ಯಸ್ಥರು ಹೇಳ್ತಾರೆ. ನಿಮ್ಮ ಮನೆಯಲ್ಲಿ ಹಳೇ ಕನ್ನಡ ಕ್ರಯಪತ್ರ ಇದ್ದರೆ ಒಮ್ಮೆ ತೆಗೆದು ನೋಡಿ. ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಒಂದು ಸಾಲು ಇರುತ್ತೆ. ಅದು ಆ ಶಾಸನಗಳಲ್ಲಿ ಬರುವ ಅಷ್ಟಭೋಗದ ಪಟ್ಟಿಯೇ. ಪಟ್ಟಿ ನಮ್ಮ ತನಕ ಉಳಿದುಕೊಂಡು ಬಂತು. ಮಧ್ಯಸ್ಥರು ಮಾತ್ರ ಕಾಣೆಯಾದರು.

ಬ್ರಿಟಿಷರ ಕಾಲದಲ್ಲಿ ಎರಡು ಕಾನೂನು ಬಂದವು, ಇವತ್ತಿಗೂ ನಮ್ಮ ಜೊತೆ ಇವೆ. ಒಂದು 1908ರ ನೋಂದಣಿ ಕಾಯ್ದೆ. ಅದರ 57ನೇ ಸೆಕ್ಷನ್ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿ ಪತ್ರಗಳನ್ನ ದಾಖಲಿಸುವ ಒಂದನೇ ನಂಬರ್ ಪುಸ್ತಕವನ್ನ ಫೀ ಕಟ್ಟಿದ ಯಾರು ಬೇಕಾದರೂ ನೋಡಬಹುದು. ನಲವತ್ತು ಮನೆಯವರ ಬದಲು ಒಂದು ಪುಸ್ತಕ. ಐಡಿಯಾ ಅದೇ.

ಇನ್ನೊಂದು 1899ರ ಸ್ಟ್ಯಾಂಪ್ ಕಾಯ್ದೆ. ನಮ್ಮ ರಾಜ್ಯಕ್ಕೆ ಆಮೇಲೆ 1957ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಪತ್ರದಲ್ಲಿ ಬರೆದ ಬೆಲೆ ಮೇಲೆ ಇಷ್ಟು ಪರ್ಸೆಂಟ್ ಸುಂಕ ಅನ್ನೋದು ಇದರ ಸಾರ. ಈಗ ಇವೆರಡನ್ನ ಪಕ್ಕಪಕ್ಕ ಇಡಿ. ಪುಸ್ತಕ ಎಲ್ಲರಿಗೂ ತೆರೆದಿದೆ, ಆದರೆ ಅದರಲ್ಲಿ ನಿಜ ಬರೆದರೆ ಜಾಸ್ತಿ ದುಡ್ಡು ಕಟ್ಟಬೇಕು. ಬಾಗಿಲು ತೆಗೆದಿಟ್ಟು ಒಳಗೆ ಸುಳ್ಳು ತುಂಬಿಸೋ ವ್ಯವಸ್ಥೆ ಹೀಗೆ ತಯಾರಾಯ್ತು.

ನೀವು ಕೇಳಬಹುದು: ನಮ್ಮ ಅಪ್ಪ ಅಮ್ಮ, ತಾತ ಎಲ್ಲ ಬೆಂಗಳೂರಲ್ಲಿ ಮನೆ ಮಾಡಿದ್ರಲ್ಲ, ಅವರು ಹೇಗೆ ಬೆಲೆ ಹೇಳಿದ್ರು? ನಾನು ನಮ್ಮ ಮನೆಯಲ್ಲಿ ಕೇಳಿದೆ. ಬಂದ ಉತ್ತರ: ‘ನಾವೆಲ್ಲಿ ಬೆಲೆ ಹೇಳಿದ್ವಿ? ಅರ್ಜಿ ಹಾಕಿದ್ವಿ.’ 1898ರ ಪ್ಲೇಗ್ ಬಂದ ಆಸುಪಾಸಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದ ಕಾಲದಿಂದಲೂ ಈ ಊರಲ್ಲಿ ಸರ್ಕಾರವೇ ಸೈಟು ಮಾಡಿ ಹಂಚಿದೆ. 1945ರಲ್ಲಿ ಸಿಐಟಿಬಿ ಬಂತು, 1976ರ ಕಾಯ್ದೆಯಿಂದ ಅದರ ಜಾಗಕ್ಕೆ ಬಿಡಿಎ ಬಂತು. ಬೆಲೆ ನಿಗದಿ ಮಾಡ್ತಿದ್ದದ್ದು ಅವರೇ. ಎಷ್ಟು ಸಲ ಅರ್ಜಿ ಹಾಕಿ ಸಿಗದೇ ವಾಪಸ್ ಬಂದಿದ್ದೀರಿ ಅನ್ನೋದೂ ಹಂಚಿಕೆಯಲ್ಲಿ ಲೆಕ್ಕಕ್ಕೆ ಬರ್ತಿತ್ತು. ಸಿಕ್ಕ ಮೇಲೂ ಹತ್ತು ವರ್ಷದ ಲೀಸ್ ಕಮ್ ಸೇಲ್ ಕರಾರು, ಅಷ್ಟರವರೆಗೆ ಮಾರೋ ಹಾಗಿಲ್ಲ. ಹಾಗಾಗಿ ಆ ತಲೆಮಾರಿನ ಬಹಳಷ್ಟು ಮಧ್ಯಮ ವರ್ಗದವರ ಪ್ರಶ್ನೆ ‘ಎಷ್ಟು ಕೊಡೋದು’ ಅಲ್ಲ, ‘ಎಷ್ಟು ವರ್ಷ ಕಾಯೋದು’. ಮನೆ ವಿಷಯದಲ್ಲಿ ದೊಡ್ಡವರ ಸಲಹೆ ಕೇಳಬೇಕು, ನಿಜ. ಆದರೆ ಚೌಕಾಸಿ ವಿಷಯದಲ್ಲಿ ಅವರಲ್ಲಿ ಹಲವರಿಗೆ ನಮ್ಮಷ್ಟೂ ಅನುಭವ ಇಲ್ಲ ಅನ್ನೋದು ನೆನಪಿರಲಿ.

ಅರ್ಜಿಯ ಸಾಲಿನಾಚೆ ಇದ್ದದ್ದು ಖಾಸಗಿ ಮಾರಾಟ. ಬ್ಲ್ಯಾಕ್ ಮತ್ತು ವೈಟ್ ಬೇರೂರಿದ್ದು ಅಲ್ಲೇ. 1973–74ರಲ್ಲಿ ನಮ್ಮ ದೇಶದ ಆದಾಯ ತೆರಿಗೆಯ ಗರಿಷ್ಠ ದರ ಸರ್‌ಚಾರ್ಜ್ ಸೇರಿ 97.75 ಪರ್ಸೆಂಟ್ ಇತ್ತು. ತಪ್ಪು ಕೇಳಿಸ್ಕೊಂಡಿಲ್ಲ ನೀವು. ಮೇಲ್ತುದಿಯ ನೂರು ರೂಪಾಯಿಯಲ್ಲಿ ಕೈಗೆ ಉಳಿಯೋದು ಎರಡೂಕಾಲು ರೂಪಾಯಿ. ಅಂಥಾ ಕಾಲದಲ್ಲಿ ತೋರಿಸದ ದುಡ್ಡು ಹುಟ್ಟಿತು, ಅದು ಹೋಗಿ ಕೂತ ದೊಡ್ಡ ಜಾಗ ಮನೆ ಮತ್ತು ನಿವೇಶನ. ಕ್ರಯಪತ್ರದಲ್ಲಿ ಒಂದು ಬೆಲೆ, ಬ್ಯಾಗಿನಲ್ಲಿ ಇನ್ನೊಂದು.

ಸರ್ಕಾರ ಇದಕ್ಕೆ ಉತ್ತರವಾಗಿ ಮಾಡಿದ್ದು ನನಗೆ ಈ ಇಡೀ ಇತಿಹಾಸದಲ್ಲೇ ಅತಿ ವಿಚಿತ್ರ ಅನಿಸೋ ಕೆಲಸ. 1986ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಇಪ್ಪತ್ತು–ಸಿ ಅಂತ ಒಂದು ಅಧ್ಯಾಯ ಸೇರಿಸಿದರು. ದೊಡ್ಡ ನಗರಗಳಲ್ಲಿ ಒಂದು ಮಿತಿಗಿಂತ ಹೆಚ್ಚಿನ ಬೆಲೆಯ ಆಸ್ತಿ ಮಾರುವ ಮುಂಚೆ ಮಾರುವವರು, ಕೊಳ್ಳುವವರು ಇಬ್ಬರೂ ಸೇರಿ ಫಾರಂ 37–ಐ ತುಂಬಿ ತೆರಿಗೆ ಇಲಾಖೆಗೆ ಕೊಡಬೇಕು. ಬೆಂಗಳೂರೂ ಆ ಪಟ್ಟಿಗೆ ಸೇರಿತು. ಬರೆದ ಬೆಲೆ ತೀರಾ ಕಮ್ಮಿ ಅನಿಸಿದರೆ ಸರ್ಕಾರ ದಂಡ ಹಾಕ್ತಿರಲಿಲ್ಲ. ‘ಇಷ್ಟೇ ಬೆಲೆ ಅಂದ್ರಲ್ಲ, ಸರಿ, ಅಷ್ಟಕ್ಕೆ ನಾನೇ ಕೊಳ್ತೀನಿ’ ಅಂತಿತ್ತು! ಆ ಹಣ ಕೊಟ್ಟು ಆಸ್ತಿ ತಗೊಂಡು ಆಮೇಲೆ ಹರಾಜು ಹಾಕ್ತಿತ್ತು.

ಯೋಚಿಸಿ. 50 ಲಕ್ಷದ ಮನೆಗೆ 30 ಲಕ್ಷ ಅಂತ ಬರೆದರೆ ಸರ್ಕಾರ 30 ಕೊಟ್ಟು ಮನೆ ಒಯ್ಯಬಹುದು. ಸುಳ್ಳು ಹೇಳಿದವನ ಸುಳ್ಳನ್ನೇ ಬೆಲೆಯಾಗಿ ಹಿಡಿಯೋ ಉಪಾಯ. ಈ ಕಾನೂನನ್ನ ಸಿ.ಬಿ. ಗೌತಮ್ ಅನ್ನುವವರ ಪ್ರಕರಣದಲ್ಲಿ ಪ್ರಶ್ನಿಸಲಾಯ್ತು. 1992ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನ ಉಳಿಸಿತು. ಆದರೆ ಆಸ್ತಿ ತಗೊಳ್ಳುವ ಮುಂಚೆ ಎರಡೂ ಕಡೆಯವರ ಮಾತು ಕೇಳಲೇಬೇಕು, ಮಾರುಕಟ್ಟೆ ಬೆಲೆಗಿಂತ 15 ಪರ್ಸೆಂಟ್ ಅಥವಾ ಹೆಚ್ಚು ಕಮ್ಮಿ ತೋರಿಸಿದ ಕಡೆ ಮಾತ್ರ ಇದನ್ನ ಬಳಸಬೇಕು ಅಂತ ಕಡಿವಾಣ ಹಾಕಿತು. 2002ರಲ್ಲಿ ಆ ಅಧ್ಯಾಯ ಮುಗೀತು. ಇದು ಹಿಂಸೆ ಅನಿಸಿದವರು ಬಹಳ ಜನ ಇದ್ದರು, ಇಲಾಖೆ ಕೈಗೆ ಅಷ್ಟು ಅಧಿಕಾರ ಕೊಟ್ಟದ್ದು ನನಗೂ ಸರಿ ಕಾಣಲ್ಲ. ಆದರೆ ತರ್ಕ ಮಾತ್ರ ಚೆನ್ನಾಗಿತ್ತು.

ಈಗ ನಮ್ಮಂಥವರ ಲೆಕ್ಕಕ್ಕೆ ಬರೋಣ. ಎರಡು ಬೆಲೆಯ ಈ ಪದ್ಧತಿಯಿಂದ ಅತಿ ಹೆಚ್ಚು ಪೆಟ್ಟು ತಿನ್ನೋದು ಮೊದಲ ಸಲ ಮನೆ ಕೊಳ್ಳುವವರು. ನಾನು ನೋಡಿದ ಒಂದು ಹಳೇ ಫ್ಲ್ಯಾಟ್‌ಗೆ ಓನರ್ ಹೇಳಿದ್ದು 80 ಲಕ್ಷ, ಅದರಲ್ಲಿ 20 ಲಕ್ಷ ಕ್ಯಾಶ್. ‘ನಿಮಗೂ ಸ್ಟ್ಯಾಂಪ್ ಡ್ಯೂಟಿ ಉಳಿಯುತ್ತೆ ಅಲ್ವಾ’ ಅಂತ ಒಂದು ನಗು.

ಮನೆಗೆ ಬಂದು ಲೆಕ್ಕ ಹಾಕಿದೆ. ಕರ್ನಾಟಕದಲ್ಲಿ ಈಗ 45 ಲಕ್ಷ ದಾಟಿದ ಆಸ್ತಿಗೆ 5 ಪರ್ಸೆಂಟ್ ಸ್ಟ್ಯಾಂಪ್ ಡ್ಯೂಟಿ, ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್. ಒಟ್ಟು 7.6. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆ ಬೆಲೆಯ 80 ಪರ್ಸೆಂಟ್ ಮೀರಬಾರದು. ಪೂರ್ತಿ 80 ಲಕ್ಷ ಪತ್ರದಲ್ಲಿ ಬರೆದರೆ ಹೆಚ್ಚಂದ್ರೆ 64 ಲಕ್ಷ ಸಾಲ, ಕೈಯಿಂದ 16 ಲಕ್ಷ, ನೋಂದಣಿ ಖರ್ಚು 6.08 ಲಕ್ಷ. ಒಟ್ಟು 22.08 ಲಕ್ಷ ನನ್ನ ಹತ್ತಿರ ಇರಬೇಕು. ಪತ್ರದಲ್ಲಿ 60 ಬರೆದರೆ? ಸಾಲ 48ಕ್ಕೆ ಇಳಿಯುತ್ತೆ. ಕೈಯಿಂದ 12, ನೋಂದಣಿಗೆ 4.56, ಜೊತೆಗೆ ಆ 20 ಲಕ್ಷ ಕ್ಯಾಶ್. ಒಟ್ಟು 36.56 ಲಕ್ಷ.

ಅಂದರೆ ಒಂದೂವರೆ ಲಕ್ಷ ಉಳಿಸೋ ನೆಪದಲ್ಲಿ ಇನ್ನೂ 14 ಲಕ್ಷದ 48 ಸಾವಿರ ಹೊಂದಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಬದುಕೋ ಸಂಬಳದವರು 20 ಲಕ್ಷ ನೋಟು ಎಲ್ಲಿಂದ ತರೋದು? ಮುಂದೆ ನಾನು ಮಾರುವಾಗ ತೆರಿಗೆ ಲೆಕ್ಕಕ್ಕೆ ನನ್ನ ಕೊಂಡ ಬೆಲೆ 60 ಅಂತಲೇ ಬರುತ್ತೆ, ಆಗ ನಾನೂ ಮುಂದಿನವರ ಹತ್ತಿರ ಕ್ಯಾಶ್ ಕೇಳಬೇಕಾಗುತ್ತೆ. ಸರಪಳಿ ಮುಂದುವರಿಯೋದೇ ಹೀಗೆ. ಇಷ್ಟಕ್ಕೂ ಇದು ಕಾನೂನುಬಾಹಿರ. 2015ರ ಜೂನ್‌ನಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟ ಮುಂಗಡವನ್ನ ಕ್ಯಾಶ್ ಆಗಿ ಪಡೆಯೋ ಹಾಗಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ.

ಇತಿಹಾಸಕಾರರು ಇನ್ನೂ ಸರಿಯಾಗಿ ಬರೆಯದ ಒಂದು ವಿಷಯ ಇಲ್ಲಿದೆ ಅಂತ ನನಗನಿಸುತ್ತೆ. ಗುಟ್ಟಾಗಿದ್ದ ಬೆಲೆಯನ್ನ ಕಾಗದಕ್ಕೆ ಎಳೆದು ತಂದಿದ್ದರಲ್ಲಿ ಪೊಲೀಸು, ರೇಡು, ಇಪ್ಪತ್ತು–ಸಿ ಎಲ್ಲಕ್ಕಿಂತ ದೊಡ್ಡ ಪಾಲು ಗೃಹಸಾಲದ್ದು. 1977ರಲ್ಲಿ ಹಸ್ಮುಖ್‌ಭಾಯಿ ಪಾರೇಖ್ ಎಚ್‌ಡಿಎಫ್‌ಸಿ ಕಟ್ಟುವವರೆಗೆ ಸಾಮಾನ್ಯ ಸಂಬಳದವರಿಗೆ ಮನೆಗೆ ಅಂತಲೇ ಸಾಲ ಕೊಡೋ ಸಂಸ್ಥೆಗಳು ತೀರಾ ಕಮ್ಮಿ. ಪಿಎಫ್, ಒಡವೆ, ಊರಿನ ಜಮೀನು, ಹಾಗೆ ಹೊಂದಿಸ್ತಿದ್ದರು. ಸಾಲ ಬಂದ ಮೇಲೆ ಕೊಳ್ಳುವವನಿಗೆ ಪತ್ರದಲ್ಲಿ ಪೂರ್ತಿ ಬೆಲೆ ಬರೆಸೋದರಲ್ಲಿ ಸ್ವಂತ ಹಿತಾಸಕ್ತಿ ಹುಟ್ಟಿತು. ಅದು ಪ್ರಾಮಾಣಿಕತೆಯಿಂದ ಅಂತ ನಾನು ಹೇಳಲ್ಲ, ಅವಶ್ಯಕತೆಯಿಂದ. 2005ರ ಜೆಎನ್‌ನರ್ಮ್ ಯೋಜನೆ ರಾಜ್ಯಗಳಿಗೆ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್‌ಗೆ ಇಳಿಸೋಕೆ ಹೇಳಿದ್ದೂ ಸಹಾಯ ಮಾಡಿತು.

ಇನ್ನೊಂದು ಕಡೆಯಿಂದ ಬಂದದ್ದು ಗೈಡೆನ್ಸ್ ವ್ಯಾಲ್ಯೂ. ಯಾವ ರಸ್ತೆಯಲ್ಲಿ ಚದರ ಅಡಿಗೆ ಕನಿಷ್ಠ ಎಷ್ಟು ಅಂತ ಸರ್ಕಾರವೇ ಪ್ರಕಟಿಸೋ ಪಟ್ಟಿ. ನಮ್ಮಲ್ಲಿ 2023ರ ಅಕ್ಟೋಬರ್ 1ರಿಂದ ಅದನ್ನ ಏರಿಸಿದರು. ಕೆಲವು ಓನರ್‌ಗಳು ಗೈಡೆನ್ಸ್ ಏರಿದೆ, ಅದಕ್ಕೇ ಬೆಲೆ ಏರಿಸಿದ್ದೀನಿ ಅಂತಾರೆ. ಅದು ವಾದವೇ ಅಲ್ಲ. ಗೈಡೆನ್ಸ್ ಅನ್ನೋದು ತೆರಿಗೆ ಲೆಕ್ಕದ ತಳ, ಮನೆಯ ಬೆಲೆ ಅಲ್ಲ. ಆದರೆ ನಿಮ್ಮ ಆಫರ್‌ಗೂ ಅದು ಒಂದು ತಳ. ಅದಕ್ಕಿಂತ ಕೆಳಗೆ ಕೊಂಡರೂ ಡ್ಯೂಟಿ ಕಟ್ಟೋದು ಗೈಡೆನ್ಸ್ ಮೇಲೇ. ವ್ಯತ್ಯಾಸ 10 ಪರ್ಸೆಂಟ್ ದಾಟಿದರೆ ಆ ಹಣವನ್ನ ನಿಮ್ಮ ಆದಾಯ ಅಂತ ಲೆಕ್ಕ ಹಾಕಿ ತೆರಿಗೆ ಕೇಳ್ತಾರೆ.

ಹಾಗಾದ್ರೆ ತತ್ಕಾಲೋಚಿತ ಕ್ರಯ ಎಲ್ಲಿ ಸಿಗುತ್ತೆ? ನಾನು ಹೋದದ್ದು ಅದೇ 1908ರ ಪುಸ್ತಕಕ್ಕೆ. ಈಗ ಅದು ಕಾವೇರಿ ಪೋರ್ಟಲ್‌ನಲ್ಲಿದೆ. ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ನಾವು ಕೊಳ್ಳೋ ಮನೆಗೆ ಮಾತ್ರ ತೆಗೆಸೋದು ರೂಢಿ. ಅದೇ ಕಟ್ಟಡದ ಬೇರೆ ಫ್ಲ್ಯಾಟ್‌ಗಳದ್ದೂ ತೆಗೆಸಬಹುದು. ಅದರಲ್ಲಿ ಪ್ರತಿಫಲದ ಮೊತ್ತ ಅಂತ ಇರುತ್ತಲ್ಲ, ಅದೇ ಪತ್ರದ ಬೆಲೆ. ನಾನು ತೆಗೆಸಿದ ಮೂರರಲ್ಲಿ ಒಂದು 52 ಲಕ್ಷ, ಉಳಿದೆರಡು 66 ಮತ್ತು 68. ಎಲ್ಲ ಹೆಚ್ಚುಕಮ್ಮಿ ಒಂದೇ ಅಳತೆ, ಒಂದೂವರೆ ವರ್ಷದೊಳಗಿನ ಮಾರಾಟ. 52ರದ್ದಕ್ಕೆ ಬ್ಯಾಂಕ್ ಸಾಲದ ನೋಂದಣಿ ಇಲ್ಲ. ಉಳಿದೆರಡರ ಬೆನ್ನಿಗೇ 50 ಲಕ್ಷ ದಾಟಿದ ಸಾಲದ ಪತ್ರ ದಾಖಲಾಗಿದೆ. ನಾನು ಯಾವುದನ್ನ ನಂಬಬೇಕು ಅಂತ ನಿಮಗೇ ಗೊತ್ತಾಗುತ್ತೆ. ಸಾಲ ಪಡೆದು ಕೊಂಡವರ ಪತ್ರ ನಿಜಕ್ಕೆ ಹೆಚ್ಚು ಹತ್ತಿರ ಇರುತ್ತೆ.

ಬಿಡಿಎ ಮೂಲೆ ಸೈಟುಗಳ ಹರಾಜಿನ ಸುದ್ದಿ ಬಂದಾಗಲೆಲ್ಲ ಓನರ್‌ಗಳು ಆ ರೇಟನ್ನ ಮುಂದಿಡ್ತಾರೆ. ನಾನು ಅದನ್ನ ಪಕ್ಕಕ್ಕಿಟ್ಟೆ. ಹರಾಜಿನಲ್ಲಿ ಗೆಲ್ಲೋದು ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವರು. ಅದು ನಮ್ಮ ಮನೆಗೆ ಅಳತೆಗೋಲಲ್ಲ. ಚದರ ಅಡಿ ಲೆಕ್ಕವನ್ನೂ ಸೂಪರ್ ಬಿಲ್ಟ್ ಅಪ್‌ನಿಂದ ಕಾರ್ಪೆಟ್ ಏರಿಯಾಕ್ಕೆ ಬದಲಿಸಿಕೊಂಡೆ. 2016ರ ರೇರಾ ಕಾಯ್ದೆ ಬಿಲ್ಡರ್‌ಗಳಿಗೆ ಅದನ್ನ ಕಡ್ಡಾಯ ಮಾಡಿದ್ದರೂ ಹಳೇ ಫ್ಲ್ಯಾಟ್ ಮಾರುವವರು ಲಿಫ್ಟು, ಮೆಟ್ಟಿಲು ಎಲ್ಲ ಸೇರಿಸಿಯೇ ಹೇಳೋದು.

ಮೇಲಿನ ಮಿತಿ ಮಾತ್ರ ಯಾವ ದಾಖಲೆಯಲ್ಲೂ ಸಿಗಲ್ಲ, ಅದು ನಮ್ಮ ಜೇಬಿನದ್ದು. ಅದೇ ಕಟ್ಟಡದಲ್ಲಿ ಬಾಡಿಗೆ ತಿಂಗಳಿಗೆ 24,000. 73 ಲಕ್ಷಕ್ಕೆ ಕೊಂಡು 58.4 ಲಕ್ಷ ಸಾಲ ಮಾಡಿದರೆ 8.5 ಪರ್ಸೆಂಟ್ ಬಡ್ಡಿಯಲ್ಲಿ 20 ವರ್ಷಕ್ಕೆ ಇಎಂಐ ಸುಮಾರು 50,700. ಬಾಡಿಗೆಯ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೂ ಮೇಲೆ ಹೋದರೆ ಒಂದು ಸಂಬಳ ನಿಂತರೂ ಮನೆ ನಡೆಯಲ್ಲ. ಹಾಗಾಗಿ 73 ಅಂತ ಒಂದು ಚೀಟಿಯಲ್ಲಿ ಬರೆದು ಹೆಂಡತಿ ಕೈಗೆ ಕೊಟ್ಟೆ. ಆಮೇಲೆ ಓನರ್‌ಗೆ 70 ಲಕ್ಷ, ಪೂರ್ತಿ ಬ್ಯಾಂಕ್ ಮೂಲಕ, ಅಂತ ಮೆಸೇಜ್ ಮಾಡಿದೆ. ಜೊತೆಗೆ 66, 68ರ ಎರಡು ಇಸಿ ಪ್ರತಿ. ಈ ಕಾಲದ ಮಧ್ಯಸ್ಥರು ಅವೇ ಅಲ್ವಾ?

ಅವರು 20 ಲಕ್ಷ ಕ್ಯಾಶ್ ಮಾತು ಬಿಟ್ಟರು, 76ಕ್ಕೆ ಇಳಿದರು. ನಾನು 73ರವರೆಗೆ ಹೋದೆ. ಅಲ್ಲಿಗೆ ನಿಂತಿತು. ಆ ಫ್ಲ್ಯಾಟ್ ಬೇರೆಯವರಿಗೆ ಹೋಯ್ತು. ಬೇಜಾರಾಯ್ತಾ ಅಂದ್ರೆ, ಆಯ್ತು. ಆ ಅಡುಗೆಮನೆ ನಿಜವಾಗಲೂ ಚೆನ್ನಾಗಿತ್ತು. ಹುಡುಕಾಟ ಮುಂದುವರಿದಿದೆ. ಅವರು ಎಷ್ಟಕ್ಕೆ ಮಾರಿದರು ಅನ್ನೋದು ಇಸಿಯಲ್ಲಿ ಬಂದಾಗ ನೋಡ್ತೀನಿ. ಸಾಲ ಪಡೆದೇ ಕೊಂಡಿದ್ದರೆ ಮುಂದಿನ ಫ್ಲ್ಯಾಟ್‌ಗೆ ನಾನು ತೋರಿಸೋ ಮೂರನೇ ಕಾಗದ ಅದು.

ಮುಂದಿನ ವಾರ ಖಾತೆಯ ಕಥೆ: ಎ ಖಾತೆ, ಬಿ ಖಾತೆ ಅನ್ನೋ ಭೇದ ಬಂದಿದ್ದು ಎಲ್ಲಿಂದ ಅಂತ. ನಿಮ್ಮ ಹತ್ತಿರ ಹಳೇ ಕ್ರಯಪತ್ರ ಇದ್ದರೆ ಅದರಲ್ಲಿ ಅಷ್ಟಭೋಗದ ಸಾಲು ಇದೆಯಾ ನೋಡಿ, ನಮಗೆ ಬರೆದು ಕಳಿಸಿ.